ನಾನು ಬೋರಲಾಗಿ ಮಲಗಿದ್ದ ದಿನಗಳು

ಇನ್ನು ಫೋನು ನೋಡಬಹುದು ಎಂದು ಡಾಕ್ಟರು ಹೇಳಿದ ದಿನ ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ಹೆಂಡತಿಯ ಮುಂದೆ ಕೈಚಾಚಿ ನಿಂತೆ. ಅವಳು ಬೀರುವಿನೊಳಗಿಂದ, ಸೀರೆಗಳ ಕೆಳಗೆ ಬಚ್ಚಿಟ್ಟಿದ್ದ ಫೋನು ತೆಗೆದುಕೊಟ್ಟಳು.

"ಅರ್ಧ ಗಂಟೆ ಅಂದಿದಾರೆ ಅಷ್ಟೇ. ಆಮೇಲೆ ನಾನೇ ಕಿತ್ಕೋತೀನಿ ನೋಡಿ ಮತ್ತೆ."

ಇಪ್ಪತ್ತಾರು ದಿನಗಳ ಹಿಂದೆ ನನ್ನ ಬಲಗಣ್ಣಿನ ಮೇಲೆ ಒಂದು ಕಪ್ಪು ಪರದೆ ಇಳಿಯತೊಡಗಿತ್ತು. ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ನನ್ನ ಮುಖದ ಒಂದು ಮೂಲೆ ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಮುಖವೇ ಇರಲಿಲ್ಲ. ರೆಟಿನಾ ಕಳಚಿಕೊಂಡಿದೆ ಎಂದರು. ಸೋಮವಾರ ಆಪರೇಷನ್ ಆಯಿತು. ಕಣ್ಣೊಳಗೆ ಗಾಳಿಯ ಗುಳ್ಳೆಯಂಥದ್ದನ್ನು ತುಂಬಿ, ಅದು ರೆಟಿನಾವನ್ನು ಒತ್ತಿ ಹಿಡಿದಿರಬೇಕೆಂದು ಹತ್ತು ದಿನ ಬೋರಲು ಮಲಗಿಸಿದರು. ಅದಾದ ಮೇಲೂ ಹದಿನೈದು ದಿನ ಓದು, ಟಿವಿ, ಫೋನು ಯಾವುದೂ ಕೂಡದು ಎಂದರು.

ಬೋರಲು ಮಲಗಿದವನಿಗೆ ಲೋಕವೆಂದರೆ ನೆಲ. ಸಾಂತಾಕ್ರೂಜಿನ ನಮ್ಮ ಮೂರನೆಯ ಮಹಡಿಯ ಮನೆಯಲ್ಲಿ ಬಂದುಹೋಗುವವರನ್ನು ನಾನು ಪಾದಗಳಿಂದ ಗುರುತು ಹಿಡಿಯುತ್ತಿದ್ದೆ. ಹೆಂಡತಿಯ ಕಾಲುಂಗುರ, ಮಗಳ ಉಗುರುಬಣ್ಣ, ಪಕ್ಕದ ಮನೆಯವರ ಬಿರುಕುಬಿಟ್ಟ ಹಿಮ್ಮಡಿ. ತಲೆಯ ಮೇಲೆ ವಿಮಾನಗಳು ಹೋಗುತ್ತಲೇ ಇರುತ್ತಿದ್ದವು. ಮುಂಚೆ ಎಂದೂ ಗಮನಿಸದ ಆ ಸದ್ದನ್ನು ಎಣಿಸುತ್ತ ಮಲಗಿದ್ದೆ. ನನಗಿದ್ದ ದೊಡ್ಡ ಚಿಂತೆ, ಪ್ರಪಂಚದಲ್ಲಿ ಏನೇನೋ ಆಗುತ್ತಿದೆ, ನನಗೆ ಮಾತ್ರ ಗೊತ್ತಾಗುತ್ತಿಲ್ಲ ಎಂಬುದು. ಈಗ ನೆನೆಸಿಕೊಂಡರೆ ಎಂಥ ಹುಡುಗಾಟದ ಚಿಂತೆ ಅನ್ನಿಸುತ್ತದೆ.

ಫೋನಿಗೆ ಜೀವ ಬಂದ ಕೂಡಲೇ ಕೈಯಲ್ಲಿ ಗಡಗಡ ನಡುಗಿತು. ಎರಡು ಮೂರು ನಿಮಿಷ ನಡುಗುತ್ತಲೇ ಇತ್ತು. ನಾನು ಹಬ್ಬದೂಟಕ್ಕೆ ಕೂತವನಂತೆ ಸೋಫಾದ ಮೇಲೆ ಕಾಲು ಮಡಚಿ ಕೂತೆ. ಮೈಸೂರಿನ ಬಂಧುಗಳ ಗುಂಪಿನಲ್ಲಿ ಒಂದು ನಿಶ್ಚಿತಾರ್ಥ ಮುಗಿದಿತ್ತು. ಆಫೀಸಿನ ಗುಂಪಿನಲ್ಲಿ ಒಬ್ಬರಿಗೆ ವರ್ಗವಾಗಿ, ಬೀಳ್ಕೊಡುಗೆಯಾಗಿ, ಅವರು ಹೊಸ ಜಾಗದಿಂದ ಫೋಟೋ ಕೂಡ ಕಳಿಸಿದ್ದರು. ನಮ್ಮ ಬಿಲ್ಡಿಂಗಿನ ಗುಂಪಿನಲ್ಲಿ ಲಿಫ್ಟಿನ ವಿಷಯಕ್ಕೆ ಶುರುವಾದ ಜಗಳ ಐದು ದಿನ ನಡೆದು, ಇಬ್ಬರು ಗುಂಪು ಬಿಟ್ಟುಹೋಗಿ, ಮತ್ತೆ ಒಳಗೆ ಬಂದು, ಈಗ ಎಲ್ಲರೂ ಬೆಳಗಿನ ಹೂವುಗಳನ್ನು ಕಳಿಸುತ್ತಿದ್ದರು. ನನಗೆ ನಗು ಬಂತು. ನಾನಿಲ್ಲದೆ ಜಗಳಗಳು ಹುಟ್ಟಿ, ಬೆಳೆದು, ಸತ್ತೂ ಹೋಗಿದ್ದವು.

ಹಾಗೆ ಕೆಳಗೆ ಸರಿಸುತ್ತ ಹೋದಾಗ ಗ್ರಾಂಟ್ ರೋಡಿನ ಹೋಟೆಲಿನ ಮಾಲೀಕರ ಹೆಸರು ಕಂಡಿತು. ಹನ್ನೊಂದು ವಾಯ್ಸ್ ಮೆಸೇಜು. ಅವರು ನನಗೆ ವರ್ಷಕ್ಕೊಮ್ಮೆ ದೀಪಾವಳಿಗೆ ಒಂದು ಹಣತೆಯ ಚಿತ್ರ ಕಳಿಸುವವರು. ಏನಪ್ಪಾ ಇದು ಎಂದುಕೊಂಡೆ.

ಆ ಹೋಟೆಲಿಗೂ ನನಗೂ ಇಪ್ಪತ್ತೆರಡು ವರ್ಷದ ನಂಟು. ವಿಮಾ ಕಂಪನಿಯ ನನ್ನ ಮೊದಲ ಕಚೇರಿ ಅದೇ ಬೀದಿಯಲ್ಲಿತ್ತು. ಕಚೇರಿ ಉಪನಗರಕ್ಕೆ ಬದಲಾದ ಮೇಲೂ ಶನಿವಾರ ಬೆಳಿಗ್ಗೆ ಲೋಕಲ್ ಹಿಡಿದು ಅಲ್ಲಿಗೆ ಹೋಗಿ ತಿಂಡಿ ತಿಂದು ಬರುವುದು ಬಿಟ್ಟಿರಲಿಲ್ಲ. ಮಾಲೀಕರು ಉಡುಪಿಯ ಕಡೆಯವರು, ಮನೆಮಾತು ತುಳು. ಆದರೆ ನಾನು ಹೋಗುತ್ತಿದ್ದುದು ಅವರಿಗಿಂತ ಹೆಚ್ಚಾಗಿ ಅಲ್ಲಿನ ಹಿರಿಯ ಸಪ್ಲೈಯರ್‌ಗಾಗಿ. ಕುಂದಾಪುರದ ಹತ್ತಿರದ ಊರಿನವರು, ಅರವತ್ತರ ಆಸುಪಾಸು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ, "ಹ್ವಾಯ್ ಸರ್, ಬನಿ, ಕೂಕಣಿ" ಎಂದು ಹೆಗಲ ಮೇಲಿನ ಬಟ್ಟೆಯಿಂದ ಕುರ್ಚಿ ಒರೆಸುತ್ತಿದ್ದರು. ಮುಂಬಯಿಯಲ್ಲಿ ನನ್ನನ್ನು ಹಾಗೆ ಕೂರಿಸಿದವರು ಬೇರೆ ಯಾರೂ ಇಲ್ಲ.

ಮೊದಲ ಮೆಸೇಜು ಒತ್ತಿದೆ. "ಸರ್, ನಮಸ್ಕಾರ. ಒಂದು ವಿಡಿಯೋ ಕಳಿಸಿದ್ದೇನೆ, ನೋಡಿ. ನೀವು ಅವತ್ತು ಅಲ್ಲೇ ಇದ್ರಿ ಅಲ್ವಾ? ಫ್ರೀ ಆದಾಗ ಒಂದು ಫೋನ್ ಮಾಡಿ ಸರ್."

ವಿಡಿಯೋ ಹದಿನಾಲ್ಕು ಸೆಕೆಂಡಿನದು. ಯಾರೋ ಎದುರು ಮೂಲೆಯ ಮೇಜಿನಿಂದ ತಮ್ಮ ದೋಸೆಯ ತಟ್ಟೆಯ ವಿಡಿಯೋ ಮಾಡುತ್ತಿದ್ದಾರೆ. ಫೋನು ಮೇಲೆದ್ದಾಗ ಹಿಂದೆ ನಾಲ್ಕೈದು ವರ್ಷದ ಒಂದು ಹುಡುಗಿ ಕಾಣುತ್ತಾಳೆ. ಅಣ್ಣ ಅವಳ ಕೈಗೆ ಛಟೀರನೆ ಹೊಡೆಯುತ್ತಾರೆ. ಹುಡುಗಿ ಬಿದ್ದು ಕಿರುಚುತ್ತಾಳೆ. ಅವಳ ತಾಯಿ ಕೂಗುತ್ತ ಎದ್ದು ಬರುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ಮೇಲೆ ಹಿಂದಿಯಲ್ಲಿ ದಪ್ಪ ಅಕ್ಷರ: ತಟ್ಟೆಗೆ ಕೈಚಾಚಿದ ಬಡ ಮಗುವಿಗೆ ಹೋಟೆಲಿನಲ್ಲಿ ಹೊಡೆತ.

ನಾನು ಅಲ್ಲಿದ್ದೆ. ಕಣ್ಣಿಗೆ ಪರದೆ ಇಳಿಯುವ ಹಿಂದಿನ ದಿನ, ಶನಿವಾರ. ಆ ತಾಯಿ ಮಗಳು ನನ್ನ ಪಕ್ಕದ ಮೇಜಿನಲ್ಲೇ ಇದ್ದರು. ಅವರು ಬೇಡಲು ಬಂದವರಲ್ಲ, ಇಡ್ಲಿಗೆ ಹೇಳಿ ಕಾಯುತ್ತಿದ್ದ ಗಿರಾಕಿಗಳು. ಅಣ್ಣ ಅಡುಗೆಮನೆಯಿಂದ ಆಗತಾನೆ ಒಲೆಯಿಂದಿಳಿಸಿದ ಸಾಂಬಾರನ್ನು ಬಕೆಟ್ಟಿನಲ್ಲಿ ತರುತ್ತಿದ್ದರು. ಹಬೆ ಏಳುತ್ತಿತ್ತು. ಹುಡುಗಿ ಕುರ್ಚಿಯಿಂದ ಜಾರಿ ಓಡಿಬಂದು ಬಕೆಟ್ಟಿನ ಅಂಚಿಗೆ ಕೈ ಹಾಕಿಯೇಬಿಟ್ಟಳು. ಅವರು ಆ ಪುಟ್ಟ ಕೈಯನ್ನು ಹೊಡೆದು ದೂರ ತಳ್ಳಿ, ಬಕೆಟ್ಟನ್ನು ತಮ್ಮ ಕಡೆಗೆ ವಾಲಿಸಿಕೊಂಡರು. ಅರ್ಧ ಬಕೆಟ್ಟು ಅವರ ಎಡಗೈಯ ಮೇಲೆ ಚೆಲ್ಲಿತು. ಮುಂಗೈಯಿಂದ ಮೊಣಕೈವರೆಗೂ ಸುಟ್ಟುಹೋಯಿತು. ವಿಡಿಯೋದಲ್ಲಿ ಬಕೆಟ್ಟೇ ಕಾಣುವುದಿಲ್ಲ, ನಡುವೆ ನನ್ನ ಮೇಜು ಅಡ್ಡ ಇದೆ. ಹದಿನೈದನೆಯ ಸೆಕೆಂಡಿನಲ್ಲಿ ನಾನು ಎದ್ದಿದ್ದೆ. ಜಗ್ಗಿನ ನೀರನ್ನು ಅವರ ಕೈಮೇಲೆ ಸುರಿದಿದ್ದೆ. ಕೂಗುತ್ತ ಬಂದ ತಾಯಿ ಅದನ್ನು ನೋಡಿ ಬಾಯಿಗೆ ಕೈಯಿಟ್ಟುಕೊಂಡು, "ಬಾಬಾ, ತುಮ್ಚಾ ಹಾತ್ ಭಾಜ್ಲಾ" ಎಂದಳು, ಸುಟ್ಟುಹೋಯಿತಲ್ಲ ಕೈ ಎಂದು. ಅವರ ಕಾಲು ಮುಟ್ಟಲು ಬಗ್ಗಿದಳು. ಅಣ್ಣ ಆ ನೋವಿನಲ್ಲೂ, "ಮಗಿಗೆ ಎಂತ ಆಯ್ಲಿಲ್ಲೆ ಅಲ್ದಾ?" ಎಂದು ನನ್ನನ್ನು ಕೇಳಿದ್ದರು.

ವಿಡಿಯೋದ ಕೆಳಗೆ ಸಾವಿರಾರು ಜನ ಬರೆದಿದ್ದರು. ಮೊದಮೊದಲು ಅಣ್ಣನನ್ನು ಬೈದಿದ್ದರು. ಆಮೇಲೆ ಹೋಟೆಲನ್ನು, ಆಮೇಲೆ ಹೋಟೆಲು ನಡೆಸುವ ನಮ್ಮ ಕಡೆಯವರನ್ನೆಲ್ಲ. ಕೆಲವರ ಕಣ್ಣು ನನ್ನ ಮೇಲೂ ಬಿದ್ದಿತ್ತು. ಗೆರೆ ಅಂಗಿ, ಬೋಳು ಹಿಂದಲೆ, ಕೈಯಲ್ಲಿ ಕಾಫಿ ಲೋಟ. "ಮಗುವಿಗೆ ಹೊಡೆಯುತ್ತಿದ್ದರೆ ಕಾಫಿ ಕುಡಿಯುತ್ತ ಕೂತಿದ್ದಾನೆ ನೋಡಿ ಈ ಮುದುಕ" ಎಂದು ಒಬ್ಬಾಕೆ ಬರೆದಿದ್ದಳು. ಅದಕ್ಕೆ ನೂರಾರು ಜನ ಹೌದು ಎಂದಿದ್ದರು. ನಾನು ಅದನ್ನು ಎರಡು ಸಲ ಓದಿದೆ. ಆ ಹದಿನಾಲ್ಕು ಸೆಕೆಂಡಿನ ಮಟ್ಟಿಗೆ ಅದು ಸುಳ್ಳೂ ಅಲ್ಲ. ನಾನು ಕೂತೇ ಇದ್ದೆ.

ಉಳಿದ ಮೆಸೇಜುಗಳನ್ನು ಒಂದಾದ ಮೇಲೊಂದು ಕೇಳಿದೆ.

"ಸರ್, ನಿಮ್ಮ ಫೋನು ಸ್ವಿಚ್ ಆಫ್ ಬರ್ತಾ ಉಂಟು. ನೀವು ಕಂಡದ್ದನ್ನು ಒಂದೆರಡು ಮಾತು ವಿಡಿಯೋ ಮಾಡಿ ಕಳಿಸಿದ್ರೆ ಸಾಕು ಮಾರಾಯ್ರೆ. ಬೇರೆ ಯಾರೂ ಪರಿಚಯದವರಿರಲಿಲ್ಲ ಅವತ್ತು."

"ಸರ್, ಇವತ್ತು ಹತ್ತು ಹದಿನೈದು ಜನ ಬಂದು ಗಲಾಟೆ ಮಾಡಿದ್ರು. ಶಟರ್ ಹಾಕಿದ್ದೇನೆ. ನಮ್ಮ ಕ್ಯಾಮೆರಾ ಗಲ್ಲೆಯ ಕಡೆಗೆ ಮಾತ್ರ ಇರುದು, ಅದರಲ್ಲಿ ಎಂತದೂ ಇಲ್ಲ."

"ಸರ್, ನಿಮ್ಮ ಮನೆ ಸಾಂತಾಕ್ರೂಜ್‌ನಲ್ಲಿ ಎಲ್ಲಿ ಅಂತ ಗೊತ್ತಿಲ್ಲ ನಂಗೆ. ಇಷ್ಟು ವರ್ಷದಲ್ಲಿ ಕೇಳ್ಳೇ ಇಲ್ಲ ನೋಡಿ."

ಆರನೆಯದರಲ್ಲಿ ಮಾಲೀಕರ ದನಿ ಇರಲಿಲ್ಲ. ಸ್ವಲ್ಪ ಹೊತ್ತು ಬರೀ ಉಸಿರು, ಹಿಂದೆ ಪಾತ್ರೆಗಳ ಸದ್ದು. ಆಮೇಲೆ ಅಣ್ಣ: "ಸರ್, ನಾನೇ. ಸೇಟ್ರ ಫೋನಂಗೆ ಮಾತಾಡ್ತಿದ್ದೆ. ನೀವ್ ಕಂಡಿದ್ರಿ ಅಲ್ದಾ ಸರ್, ನಾ ಹೊಡುಕಂದ್ ಹೊಡದ್ದಲ್ಲ. ನೀವೊಂದ್ ಮಾತ್ ಹೇಳಿರೆ ಸಾಕಿತ್ತ್."

ಆ ಮೆಸೇಜು ಬಂದ ದಿನ ಯಾವುದೆಂದು ನೋಡಿದೆ. ಆಪರೇಷನ್ನಿನ ಎಂಟನೆಯ ದಿನ. ಅವತ್ತು ನಾನು ಇಲ್ಲೇ, ಇದೇ ಕೋಣೆಯಲ್ಲಿ, ದಿಂಬಿನ ತೂತಿನಲ್ಲಿ ಮುಖವಿಟ್ಟು ವಿಮಾನ ಎಣಿಸುತ್ತಿದ್ದೆ.

ಮುಂದಿನ ಮೆಸೇಜುಗಳು ಚಿಕ್ಕದಾಗುತ್ತ ಹೋಗಿದ್ದವು. ಕೊನೆಯದು ಹದಿನಾರನೆಯ ದಿನದ್ದು. "ಸರ್, ಅವರು ಊರಿಗೆ ಹೋದ್ರು. ಎಂತ ಮಾಡುದು ಹೇಳಿ. ಇನ್ನು ನೀವು ತ್ರಾಸ ತಗೊಳ್ಳುದು ಬೇಡ, ಬಿಡಿ."

ಕೇಳುತ್ತಿರುವಾಗ ನನಗೆ ಪ್ರತಿ ಸಲವೂ, ಇಗೋ ಈಗ ಉತ್ತರ ಕೊಡುತ್ತೇನೆ, ತಡೆಯಿರಿ ಎನ್ನಬೇಕೆನಿಸುತ್ತಿತ್ತು. ಆದರೆ ಬೆರಳಿನ ಕೆಳಗೆ ಮುಂದಿನ ಮೆಸೇಜು ಆಗಲೇ ಇತ್ತು. ಅವರು ಕಾದದ್ದು, ಬೇಸತ್ತದ್ದು, ಕೈಬಿಟ್ಟದ್ದು ಎಲ್ಲವೂ ನಡೆದುಹೋಗಿತ್ತು.

ಅರ್ಧ ಗಂಟೆ ಮುಗಿಯಿತೆಂದು ಬಂದ ಹೆಂಡತಿ ನನ್ನ ಮುಖ ನೋಡಿ ಏನಾಯಿತೆಂದಳು. ನಾನು ಫೋನನ್ನು ಅವಳ ಕಡೆ ತಿರುಗಿಸಿದೆ. ಅವಳಿಗೇನೂ ಗೊತ್ತಿರಲಿಲ್ಲ. ಆದರೆ ಬಾಗಿಲ ಬಳಿ ನಿಂತಿದ್ದ ಮಗಳು ವಿಡಿಯೋದ ಕಿರುಚಾಟ ಕೇಳಿದ ಕೂಡಲೇ ತಲೆ ತಗ್ಗಿಸಿದಳು.

"ನಿನಗೆ ಗೊತ್ತಿತ್ತಾ?" ಎಂದೆ.

"ಫೋರ್ತ್ ಡೇನೇ ಫ್ರೆಂಡ್ ಕಳಿಸಿದ್ಳು, ಅಪ್ಪಾ. ನಿಮ್ಮ ಬ್ಯಾಕ್ ನೋಡಿ ಪಹಚಾನ್ ಲಿಯಾ ಮೈನೆ. ಲೋಗ್ ಇತ್ನಾ ಗಂದಾ ಲಿಖ್ ರಹೇ ಥೇ ನಿಮ್ಮ ಬಗ್ಗೆ…" ಬೆನ್ನು ನೋಡಿಯೇ ಗುರುತು ಹಿಡಿದಳಂತೆ, ಜನ ಅಷ್ಟು ಹೊಲಸಾಗಿ ಬರೆಯುತ್ತಿದ್ದರಂತೆ. ಇಲ್ಲೇ ಹುಟ್ಟಿ ಬೆಳೆದವಳು, ಗಾಬರಿಯಾದರೆ ಹಿಂದಿಗೆ ಇಳಿಯುತ್ತಾಳೆ. "ಡಾಕ್ಟರ್ ಟೆನ್ಷನ್ ಬೇಡ ಅಂದಿದ್ರು ನಾ. ಬಿಪಿ ಜಾಸ್ತಿ ಆದ್ರೆ ಕಣ್ಣು ಹೋಗ್ತದೆ ಅಂದಿದ್ರು ನಾ."

"ನನ್ನ ಹತ್ರ ಒಂದು ಮಾತು ಕೇಳಿದ್ರೆ, ನಾನು ಮಲಗಿದ್ದಲ್ಲಿಂದಲೇ ಹೇಳ್ತಿದ್ದೆನಲ್ಲಮ್ಮ. ಬಾಯಿಗೇನಾಗಿತ್ತು ನನಗೆ?"

"ಆ ಮನುಷ್ಯ ಹೊಡೆದಿಲ್ಲ ಅಂತ ನಂಗೇನು ಗೊತ್ತು?" ಎಂದು ಅವಳು ಅತ್ತುಬಿಟ್ಟಳು.

ನಿಜ, ಅವಳಿಗೇನು ಗೊತ್ತು. ಶನಿವಾರ ಮನೆಗೆ ಬಂದು ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಹೊರಟಿದ್ದೆ, ಯಾರೋ ಬಂದರು, ಮರೆತೆ. ಮರುದಿನ ಕಣ್ಣಿನ ಗಡಿಬಿಡಿ. ಅವಳು ನನ್ನ ಕಣ್ಣುಳಿಸಲು ಮಾಡಿದ್ದನ್ನು ತಪ್ಪು ಎನ್ನಲು ನನಗೆ ನಾಲಿಗೆ ಬರಲಿಲ್ಲ. ತಪ್ಪಲ್ಲ ಎನ್ನಲೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಮಗಳೇ ಬಂದು, "ಹೇಳಿ ಅಪ್ಪಾ, ನಾನು ಟೈಪ್ ಮಾಡ್ತೀನಿ" ಎಂದಳು. ನಾನು ಕನ್ನಡದಲ್ಲಿ ಹೇಳಿದೆ. ಅವಳು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಬರೆದಳು. ಗೆರೆ ಅಂಗಿಯವನು ನಾನೇ, ನಾನು ಕಂಡದ್ದು ಇದು ಎಂದು ಪೂರ್ತಿ ಬರೆಸಿದೆ. ಆ ವಿಡಿಯೋದ ಕೆಳಗೂ ಹಾಕಿದೆವು, ನನ್ನ ಪುಟದಲ್ಲೂ ಹಾಕಿದೆವು. ವಿಡಿಯೋದ ಕೆಳಗೆ ನಮ್ಮ ಬರಹ ಎಷ್ಟೋ ಸಾವಿರದನೆಯದಾಗಿ ಎಲ್ಲೋ ತಳದಲ್ಲಿ ಹೋಗಿ ಕೂತಿತು. ನನ್ನ ಪುಟದಲ್ಲಿ ಸಂಜೆಯವರೆಗೆ ಒಂಬತ್ತು ಜನ ಮೆಚ್ಚಿದ್ದರು, ಒಂಬತ್ತೂ ನೆಂಟರು. ನನ್ನ ಷಡ್ಡಕ, "ಬೇಗ ಗುಣಮುಖರಾಗಿ" ಎಂದು ಬರೆದಿದ್ದರು. ನಾನು ಕಣ್ಣಿನ ವಿಷಯವನ್ನು ಒಂದೇ ವಾಕ್ಯದಲ್ಲಿ ಹೇಳಿದ್ದೆ, ಅವರು ಅಷ್ಟನ್ನೇ ಓದಿದ್ದರು.

ವಿಡಿಯೋ ಹಾಕಿದವನಿಗೂ ಬರೆದೆವು. ಅವನು ಮುಂಬಯಿಯ ತಿಂಡಿಗಳ ಬಗ್ಗೆ ವಿಡಿಯೋ ಮಾಡುವ ತರುಣ. ಅದಾದ ಮೇಲೆ ಪಾವ್‌ಭಾಜಿ, ಫಾಲೂದಾ ಎಂದು ಮೂವತ್ತು ವಿಡಿಯೋ ಹಾಕಿದ್ದ. ಎರಡು ದಿನ ಬಿಟ್ಟು ಉತ್ತರ ಬಂತು: ಅಂಕಲ್, ಆ ಮ್ಯಾಟರ್ ಹಳೆಯದಾಯಿತು, ಈಗ ಯಾರೂ ಅದರ ಬಗ್ಗೆ ಮಾತಾಡುತ್ತಿಲ್ಲ, ನೀವು ಮತ್ತೆ ಯಾಕೆ ಎಬ್ಬಿಸುತ್ತೀರಿ. ಆದರೂ ಒಳ್ಳೆಯವನೇ ಇರಬೇಕು, ಇನ್ನೆರಡು ದಿನದಲ್ಲಿ ಅವನು ತನ್ನ ಪುಟದಿಂದ ಅದನ್ನು ತೆಗೆದುಹಾಕಿದ. ನಮಗೆ ಗೆದ್ದಷ್ಟು ಖುಷಿಯಾಯಿತು. ಮಗಳು ಹುಡುಕಿ ನೋಡಿದಳು. ಬೇರೆ ಬೇರೆ ಪುಟಗಳಲ್ಲಿ, ಬೇರೆ ಬೇರೆ ಊರಿನ ಹೆಸರಿನಲ್ಲಿ ಅದೇ ಹದಿನಾಲ್ಕು ಸೆಕೆಂಡು ಹಾಗೇ ಇತ್ತು. ಒಂದು ಕಡೆ ಅದಕ್ಕೆ ಅಳುವ ಸಂಗೀತ ಬೇರೆ ಸೇರಿಸಿದ್ದರು. ಅವಳು ಬೆರಳಿನಿಂದ ಎಣಿಸುತ್ತ ಹೋದಳು. ಬಳಿಕ ಫೋನನ್ನು ಮಗುಚಿಟ್ಟಳು.

ಮುಂದಿನ ಶನಿವಾರ ಮಗಳ ತೋಳು ಹಿಡಿದುಕೊಂಡು ಗ್ರಾಂಟ್ ರೋಡಿಗೆ ಹೋದೆ. ಬಲಗಣ್ಣಿನಲ್ಲಿ ಎಲ್ಲವೂ ನೀರಿನೊಳಗಿಂದ ಕಂಡಂತೆ ಕಾಣುತ್ತಿತ್ತು. ಹೋಟೆಲು ತೆರೆದಿತ್ತು, ಜನವೂ ಇದ್ದರು. ನನ್ನ ಕಪ್ಪು ಕನ್ನಡಕ ನೋಡಿ ಮಾಲೀಕರು ಗಲ್ಲೆಯಿಂದ ಎದ್ದೇಬಂದರು.

"ಅಯ್ಯೋ ದೇವರೇ, ಇದು ಆದದ್ದಾ ನಿಮಗೆ! ನಾನು ಎಂತ ತಿಳ್ಕೊಂಡೆ ಗೊತ್ತುಂಟಾ? ಸರ್‌ಗೆ ಈ ಲಫಡಾ ಬೇಡ, ಅದಕ್ಕೇ ಫೋನ್ ಬಂದ್ ಮಾಡಿ ಕೂತಿದ್ದಾರೆ ಅಂತ."

"ಅಣ್ಣನೂ ಹಾಗೇ ಅಂದ್ಕೊಂಡ್ರಾ?"

ಅವರು ಕಾಫಿಗೆ ಹೇಳಿದರು. ಅಣ್ಣ ಹೋದ ಬಗೆಯನ್ನು ಆಮೇಲೆ ಹೇಳಿದರು. ಶಟರ್ ಮತ್ತೆ ತೆರೆದ ಮೇಲೆ, ಕೈಗೆ ಬ್ಯಾಂಡೇಜು ಕಟ್ಟಿಕೊಂಡೇ ಮೂರು ದಿನ ಒಳಗೆ ತರಕಾರಿ ಹೆಚ್ಚಿಕೊಂಡಿದ್ದರಂತೆ. ಗಿರಾಕಿಗಳು ಅಡುಗೆಮನೆಯ ಬಾಗಿಲಿಗೇ ಬಂದು ಫೋನು ಹಿಡಿದು ಚಿತ್ರ ತೆಗೆಯತೊಡಗಿದ ಮೇಲೆ ತಾವೇ ಬ್ಯಾಗು ತುಂಬಿಕೊಂಡರಂತೆ. "ನಾನು ಹೋಗಿ ಅನ್ಲಿಲ್ಲ ಸರ್. ಇರಿ ಅಂತಲೂ ಅನ್ಲಿಲ್ಲ" ಎಂದರು ಮಾಲೀಕರು.

ನಾನು ಆ ತಾಯಿಯ ಬಗ್ಗೆ ಕೇಳಿದೆ. ಅವಳೊಬ್ಬಳು ಬಾಯಿಬಿಟ್ಟರೆ ಎಲ್ಲವೂ ಮುಗಿಯುತ್ತಿತ್ತು. ಮಗಳ ಕಿವಿಯ ಚಿಕಿತ್ಸೆಗೆ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಹಳ್ಳಿಯಿಂದ ಬರುವವಳು, ಮುಂಚೆಯೂ ಒಂದೆರಡು ಸಲ ಬಂದಿದ್ದ ನೆನಪು, ಹೆಸರು ಗೊತ್ತಿಲ್ಲ, ಎಂದರು. ಅದನ್ನು ಕೇಳಿ ನಾನೂ ಮಗಳೂ ಶನಿವಾರ ಶನಿವಾರ ಅಲ್ಲಿ ಹೋಗಿ ಕೂರತೊಡಗಿದೆವು. ಎರಡನೆಯ ಶನಿವಾರ ಅವಳು ಮಗುವಿನೊಂದಿಗೆ ಬಂದಳು.

ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿ, "ಬಾಬಾ ಎಲ್ಲಿ?" ಎಂದು ಮರಾಠಿಯಲ್ಲಿ ಕೇಳಿದಳು. ಕೈಯಲ್ಲಿ ಒಂದು ಬಾಟಲಿ ಇತ್ತು. ಸುಟ್ಟಗಾಯಕ್ಕೆ ಒಳ್ಳೆಯದೆಂದು ಅವಳ ಅತ್ತೆ ಮನೆಯಲ್ಲೇ ಕಾಯಿಸಿದ ಎಣ್ಣೆ. ಅವಳದು ಗುಂಡಿ ಒತ್ತುವ ಫೋನು. ಅವಳಿಗೆ ಏನೂ ಗೊತ್ತಿರಲಿಲ್ಲ. ನನ್ನ ಮಗಳು ಪಕ್ಕದಲ್ಲಿ ಕೂರಿಸಿಕೊಂಡು ವಿಡಿಯೋ ತೋರಿಸಿದಳು. ಅವಳು ಮೊದಲು ತನ್ನ ಮಗುವನ್ನು ಗುರುತಿಸಿ ನಕ್ಕಳು. ಆಮೇಲೆ ಅರ್ಥವಾಗಿ, ಮಗುವನ್ನು ಹತ್ತಿರ ಎಳೆದುಕೊಂಡಳು. "ನಾನು ಕೂಗಿದೆನಲ್ಲ, ಅದನ್ನೇ ಹಿಡಿದುಬಿಟ್ಟರಾ?" ಎಂದಳು. "ಗೊತ್ತಾಗುವ ಮೊದಲು ಕೂಗಿದ್ದು ಅದು."

ಅವಳು ಫೋನಿನ ಮುಂದೆ ಕೂತು, ಸೆರಗು ಸರಿಮಾಡಿಕೊಂಡು, ಆದದ್ದನ್ನು ಆದಹಾಗೆ ಹೇಳಿದಳು. ಮಗುವಿನ ಕೈಯನ್ನು ಎತ್ತಿ, ನೋಡಿ, ಒಂದು ಗುಳ್ಳೆ ಕೂಡ ಇಲ್ಲ ಎಂದು ತೋರಿಸಿದಳು. ಮಗಳು ಅದನ್ನು ಅಲ್ಲೇ ಕೂತು ಎಲ್ಲ ಕಡೆಗೂ ಹಾಕಿದಳು. ಇದನ್ನು ನೋಡಿದವರು ಮುನ್ನೂರು ಚಿಲ್ಲರೆ ಜನ. ಹೆಚ್ಚಿನವರು ಮೊದಲ ಮೂರು ಸೆಕೆಂಡಿಗೇ ಮುಂದೆ ಹೋಗಿದ್ದಾರೆ ಎಂದು ಮಗಳು ಹೇಳಿದಳು. ಅದು ಹೇಗೆ ಗೊತ್ತಾಗುತ್ತದೋ ನನಗೆ ತಿಳಿಯದು. ಒಬ್ಬ, "ಎಷ್ಟು ಕೊಟ್ಟು ಹೇಳಿಸಿದಿರಿ" ಎಂದು ಕೇಳಿದ್ದ.

ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದೆವು. ಅಷ್ಟರವರೆಗೆ ನನಗೆ ಧೈರ್ಯವಾಗಿರಲಿಲ್ಲ. ನನ್ನ ದನಿ ಕೇಳಿ ಅವರು, "ಹ್ವಾಯ್ ಸರ್, ನಿಮ್ ಕಣ್ಣ್ ಹ್ಯಾಂಗಿತ್ತ್?" ಎಂದರು. ಮಾಲೀಕರು ಹೇಳಿದ್ದರಂತೆ. ನಾನು ಕ್ಷಮಿಸಿ ಎಂದೆ. "ಎಂತಕ್ಕೆ ಸರ್? ನಿಮ್ಗೆ ಕಾಂಬುಕೇ ಆತಿರ್ಲಿಲ್ಲೆ ಅಂಬ್ರಲೆ" ಎಂದರು, ನಿಮಗೆ ಕಣ್ಣೇ ಕಾಣುತ್ತಿರಲಿಲ್ಲವಂತಲ್ಲ ಎಂದು. ತಾಯಿ ಫೋನು ತೆಗೆದುಕೊಂಡಳು. ಅವರು ತಮ್ಮ ಹೋಟೆಲಿನ ಮರಾಠಿಯಲ್ಲಿ, ಮಗು ಹೇಗಿದೆ, ಕಿವಿ ಕೇಳುತ್ತದೆಯೇ, ಎಂದು ವಿಚಾರಿಸಿದರು. ಅವಳು ಅಳುತ್ತಿದ್ದಳು, ಅವರು ಸಮಾಧಾನ ಮಾಡುತ್ತಿದ್ದರು.

ಫೋನು ಮತ್ತೆ ನನ್ನ ಕೈಗೆ ಬಂದಾಗ, "ಅಣ್ಣಾ, ಬನ್ನಿ ವಾಪಸ್. ಈಗ ಇವಳೇ ಹೇಳಿದ್ದಾಳೆ. ನಾನೂ ಬರೆದಿದ್ದೇನೆ" ಎಂದೆ.

"ಇಲ್ಲೂ ಎಲ್ರ ಫೋನಂಗೂ ಬಂದಿತ್ತ್ ಸರ್ ಅದ್. ಮೊಮ್ಮಗಿನ್ ಶಾಲಿ ಹತ್ರ ನಿತ್ಕಂಡ್ರೆ ಜನ ನನ್ನೇ ಕಾಂತ್ರ್. ಮಗಿನ್ ಎತ್ಕಂಬುಕೆ ನಂಗೇ ಹೆದ್ರಿಕಿ ಆತ್ತ್. ಒಬ್ಬೊಬ್ರನ್ನೇ ಹಿಡ್ಕಂಡ್ ಹೇಳುಕೆ ಆತ್ತಾ?"

"ನಾನು ಅಲ್ಲಿಗೆ ಬಂದು ಹೇಳ್ಲಾ?"

"ಯಾರಿಗಂದ್ ಹೇಳ್ತ್ರಿ ಸರ್? ಯಾರೂ ಕೇಂತಿಲ್ಲೆ. ಕೇಂಡ್ರೆ ಹೇಳ್ಲಕ್ಕಿತ್ತ್." ಕೇಳಿದರಲ್ಲವೇ ಹೇಳುವುದು, ಯಾರೂ ಕೇಳುವುದೇ ಇಲ್ಲ ಎಂದರು. ಆಮೇಲೆ ಮೆಲ್ಲಗೆ, "ನಾ ಇನ್ ಬತ್ತಿಲ್ಲೆ ಸರ್" ಎಂದರು.

ಅವರೇ, "ಊಟದ ಹೊತ್ತಾಯ್ತ್, ಇಡ್ತೆ" ಎಂದು ಇಟ್ಟರು. ತಾಯಿ ಎಣ್ಣೆಯ ಬಾಟಲಿಯನ್ನು ಊರಿಗೆ ಕಳಿಸಿ ಎಂದು ಮಾಲೀಕರ ಕೈಗೆ ಕೊಟ್ಟು, ಮಗುವನ್ನು ಎತ್ತಿಕೊಂಡು ಸ್ಟೇಷನ್ನಿನ ಕಡೆ ಹೊರಟಳು.

ಇದಾಗಿ ಎಂಟು ತಿಂಗಳಾಯಿತು. ಹೋದ ವಾರ ದೂರದ ಸಂಬಂಧಿಯೊಬ್ಬರು ನಮ್ಮ ಬಂಧುಗಳ ಗುಂಪಿನಲ್ಲಿ ಅದೇ ವಿಡಿಯೋವನ್ನು ಹಾಕಿದ್ದರು. ಈ ಸಲ ಅದು ಬೇರೆ ಯಾವುದೋ ರಾಜ್ಯದ ಹೋಟೆಲಾಗಿತ್ತು. ಮಕ್ಕಳನ್ನು ಹೊರಗೆ ಕರೆದೊಯ್ಯುವಾಗ ಜೋಪಾನ ಎಂದು ಬರೆದಿದ್ದರು. ಇದು ಸುಳ್ಳು, ಅಲ್ಲಿ ಕೂತಿರುವವನು ನಾನು, ಆದದ್ದು ಹೀಗೆ ಎಂದು ನಾನು ಮತ್ತೆ ಬರೆದೆ. ನಾಲ್ಕು ಜನ ಹೆಬ್ಬೆರಳು ಎತ್ತಿದರು. ಅದರ ಕೆಳಗೆ ಒಬ್ಬರು ಮದುವೆಯ ಛತ್ರದ ವಿಳಾಸ ಕೇಳಿದರು, ಇನ್ನೊಬ್ಬರು ಕಳಿಸಿದರು.